ನಕ್ಷತ್ರ ಸಿಡಿಸೋದು ಕಂಪ್ಯೂಟರಿನಲ್ಲಿ ತಾನೇ?

‘ಕೋಡ್ ಬರೆಯೋದು ನೀವೇ, ಓಡಿಸೋದೂ ನೀವೇ. ಬೇಕಾದ ಚಿತ್ರ ಬರೋ ತನಕ ತಿರುಚ್ತಾ ಕೂತ್ಕೋಬಹುದಲ್ವಾ?’

ಸೂಪರ್‌ನೋವಾ ಅವಶೇಷಗಳ, ಅಂದರೆ ನಕ್ಷತ್ರ ಸಿಡಿದ ಮೇಲೆ ಹರಡುತ್ತ ಹೋಗುವ ದ್ರವ್ಯದ, ಸಿಮ್ಯುಲೇಶನ್ ಮಾಡುತ್ತೇನೆ ಎಂದ ತಕ್ಷಣ ಎದುರಾಗುವ ಪ್ರಶ್ನೆ ಇದು. ಮದುವೆಮನೆಯಲ್ಲಾದರೆ ನಕ್ಕು ಸುಮ್ಮನಾಗುತ್ತೇನೆ. ಪ್ರಶ್ನೆಯೇನೋ ನ್ಯಾಯವಾದದ್ದೇ.

ನನ್ನ ಕೈಯಲ್ಲಿರುವುದು ಆರಂಭದ ಸ್ಥಿತಿ ಮಾತ್ರ. ಸಿಡಿದ ದ್ರವ್ಯ ಎಷ್ಟು, ಅದು ಹೇಗೆ ಹರಡಿತ್ತು, ಸುತ್ತಲಿನ ಅನಿಲ ಎಷ್ಟು ದಟ್ಟ, ಶಕ್ತಿ ಎಷ್ಟು. ಶಕ್ತಿಯ ವಿಷಯದಲ್ಲೂ ಹೆಚ್ಚು ಸ್ವಾತಂತ್ರ್ಯವಿಲ್ಲ: ಸೂರ್ಯ ತನ್ನ ಸಾವಿರ ಕೋಟಿ ವರ್ಷಗಳ ಆಯುಷ್ಯದಲ್ಲಿ ಸೂಸುವಷ್ಟು, ಹೆಚ್ಚುಕಮ್ಮಿ. ಅಲ್ಲಿಂದಾಚೆಗೆ ದ್ರವ್ಯರಾಶಿ, ಸಂವೇಗ, ಶಕ್ತಿಗಳ ಲೆಕ್ಕ ತಪ್ಪದಂತೆ ಅನಿಲ ಹರಿಯಬೇಕು. ನಡುವೆ ಕೈ ಹಾಕುವಂತಿಲ್ಲ.

ಕೋಡನ್ನೇ ನಂಬುವುದು ಹೇಗೆ? ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು ನೋಡುತ್ತೇವೆ. 1940ರ ದಶಕದಲ್ಲಿ ಬ್ರಿಟನ್ನಿನ ಟೇಲರ್, ರಷ್ಯಾದ ಸೆಡೋವ್ ಬೇರೆಬೇರೆಯಾಗಿ ಬಿಡಿಸಿದ್ದು ಬಾಂಬ್ ಸ್ಫೋಟದ ಲೆಕ್ಕ. ಒಂದೇ ಸಮನಾದ ಅನಿಲದಲ್ಲಿ ಒಂದು ಬಿಂದುವಿನಿಂದ ಹೊರಟ ಆಘಾತ ತರಂಗದ ವಯಸ್ಸು 32 ಪಟ್ಟಾದಾಗ ಅದರ ತ್ರಿಜ್ಯ ಸರಿಯಾಗಿ 4 ಪಟ್ಟಾಗಬೇಕು. ಇದನ್ನೇ ಕೊಡದ ಕೋಡನ್ನು ನಕ್ಷತ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ನಿಜವಾದ ತಲೆನೋವು ಚೌಕುಳಿಗಳದ್ದು. ಆಕಾಶವನ್ನು ಪುಟ್ಟಪುಟ್ಟ ಘನಗಳಾಗಿ ಕತ್ತರಿಸಿ ಒಂದೊಂದರಲ್ಲೂ ಲೆಕ್ಕ ಹಾಕುತ್ತೇವೆ. ದುಂಡಗಿರಬೇಕಾದ ಸ್ಫೋಟ ಚೌಕುಳಿಯ ಅಕ್ಷಗಳ ದಿಕ್ಕಿಗೇ ಉಬ್ಬಿ ಮೂಗು ಚಾಚುವುದುಂಟು. ಅದು ಭೌತಶಾಸ್ತ್ರವೋ ಚೌಕುಳಿಯ ಕಿತಾಪತಿಯೋ ತಿಳಿಯಲು ಆರಂಭದ ಏರುಪೇರುಗಳನ್ನೆಲ್ಲ ಒಂದಿಷ್ಟು ತಿರುಗಿಸಿ ಮತ್ತೆ ಓಡಿಸಬೇಕು. ಉಬ್ಬೂ ಜೊತೆಗೇ ತಿರುಗಿದರೆ ಸರಿ, ಇದ್ದಲ್ಲೇ ಇದ್ದರೆ ಕಸದಬುಟ್ಟಿಗೆ. ಚೌಕುಳಿ ಸಣ್ಣ ಮಾಡಿ ಎನ್ನುತ್ತೀರೇನೋ. ಅಳತೆ ಅರ್ಧಕ್ಕಿಳಿಸಿದರೆ ಚೌಕುಳಿಗಳ ಸಂಖ್ಯೆ 8 ಪಟ್ಟು. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಲೇಬೇಕು, ಅಂದರೆ ಲೆಕ್ಕ 16 ಪಟ್ಟು. ಸೂಪರ್‌ಕಂಪ್ಯೂಟರಿನ ಸರದಿಗೆ ಕಾಯುವವರಿಗೆ ಈ 16ರ ಬಿಸಿ ಚೆನ್ನಾಗಿ ಗೊತ್ತು.

ಇಷ್ಟಾದರೂ ಬೇಕಾದ ಚಿತ್ರ ಬರುತ್ತದೆಯೇ? 1572ರ ನವೆಂಬರಿನಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ನೋಡಿದ ಸೂಪರ್‌ನೋವಾ ತಗೊಳ್ಳಿ. ಅದೊಂದು ಶ್ವೇತಕುಬ್ಜದ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರದ, ಸ್ಫೋಟ. ಅಲ್ಲಿ ಮುಂಚೂಣಿಯಲ್ಲಿ ಆಘಾತ ತರಂಗ, ಹಿಂದೆ ಅದು ಕಾಯಿಸಿದ ಅನಿಲ, ಅದರ ಹಿಂದೆ ನಕ್ಷತ್ರದ ಚೂರುಪಾರು. ವೇಗ ತಗ್ಗುತ್ತಿದ್ದಂತೆ, ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವ ಹಾಗೆ, ದಟ್ಟವಾದ ಆ ದ್ರವ್ಯ ಬೆರಳುಬೆರಳಾಗಿ ಮುಂದಿನ ತೆಳು ಅನಿಲದೊಳಕ್ಕೆ ನುಗ್ಗುತ್ತದೆ. ಸಿಮ್ಯುಲೇಶನ್ನಿನಲ್ಲೂ ಈ ಬೆರಳುಗಳು ಮೂಡುತ್ತವೆ, ನೋಡಲು ಚೆಂದ. ಆದರೆ ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರಗಳನ್ನು 2005ರಲ್ಲಿ ಅಳೆದಾಗ ನಕ್ಷತ್ರದ ದ್ರವ್ಯ ಆಘಾತದ ತ್ರಿಜ್ಯದ ಶೇ 93ರಷ್ಟು ದೂರ ತಲುಪಿತ್ತು. ಬರೀ ಅನಿಲದ ಲೆಕ್ಕದಲ್ಲಿ ಬೆರಳು ಚಾಚಿದರೂ ಅಷ್ಟು ದೂರ ಬರಲಿಲ್ಲ.

ಬೇಕಾದಂತೆ ತಿರುಚುವುದು ಸಾಧ್ಯವಿದ್ದಿದ್ದರೆ ಈ ಅಂತರ ಅಲ್ಲೇ ಮುಚ್ಚಿಹೋಗುತ್ತಿತ್ತು. ಅಳೆದವರು ಹೇಳಿದ್ದು ಬೇರೆ: ಆಘಾತ ತರಂಗ ತನ್ನ ಶಕ್ತಿಯ ಒಂದು ಪಾಲನ್ನು ಪ್ರೋಟಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಒಯ್ಯಲು ಸುರಿಯುತ್ತಿದೆ, ಹಾಗಾಗಿ ಅದರ ಹಿಂದಿನ ಅನಿಲ ಹೆಚ್ಚು ಅದುಮಿಕೊಂಡು ಪದರ ತೆಳುವಾಗಿದೆ, ನಕ್ಷತ್ರದ ದ್ರವ್ಯ ಆಘಾತಕ್ಕೆ ಅಷ್ಟು ಹತ್ತಿರವಾಗಿದೆ. ಅಂದರೆ ಕಾಸ್ಮಿಕ್ ಕಿರಣಗಳು ಅಲ್ಲಿ ತಯಾರಾಗುತ್ತಿವೆ. ಮುಂದೆ ಈ ಮಾತಿಗೆ ಇಂಬು ಕೊಡುವಂತೆ ಟೈಕೋ ಅವಶೇಷದಿಂದ ಗಾಮಾ ಕಿರಣಗಳೂ ಸಿಕ್ಕವು. ಆದರೆ ಸ್ಫೋಟದ ದ್ರವ್ಯ ಮೊದಲೇ ಗಂಟುಗಂಟಾಗಿದ್ದರೂ ಬೆರಳುಗಳು ಅಷ್ಟು ದೂರ ಚಾಚಬಲ್ಲವು ಎಂದು ತೋರಿಸಿದ ಸಿಮ್ಯುಲೇಶನ್‌ಗಳೂ ಇವೆ. ಎರಡೂ ಸ್ವಲ್ಪಸ್ವಲ್ಪ ಇದ್ದೀತು ಎಂಬುದು ನನ್ನ ಅನಿಸಿಕೆ. ಯಾವುದು ಎಷ್ಟು ಎಂದು ಬೇರ್ಪಡಿಸಲು ಗಂಟುಗಳ ಗಾತ್ರ ಬದಲಿಸುತ್ತ ಓಡಿಸಿ ನೋಡಬೇಕು, ಅದಕ್ಕೆ ಸಣ್ಣ ಚೌಕುಳಿ ಬೇಕು. ಮತ್ತೆ ಆ 16.