ಹುಣ್ಣಿಮೆ ರಜೆಯ ನಾಡಿನಿಂದ

ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ. ಇಲ್ಲಿಯವರು ಪೋಯ ಅಂತಾರೆ. ಅವತ್ತು ಹೆಂಡದಂಗಡಿ, ಮಾಂಸದಂಗಡಿ ಎಲ್ಲ ಬಂದ್. ಕೊಲಂಬೊ ಹತ್ತಿರದ ಕೆಲನಿಯ ಬೌದ್ಧ ವಿಹಾರಕ್ಕೆ ಹೋದರೆ ಎತ್ತ ನೋಡಿದರೂ ಬಿಳಿ ಬಟ್ಟೆ. ನಮ್ಮ ಮನೆ ಓನರ್ ಆಂಟಿ ಬೆಳಿಗ್ಗೆಯೇ ಎಂಟು ಶೀಲ, ಅಂದ್ರೆ ಆ ದಿನ ಪಾಲಿಸೋ ಎಂಟು ನಿಯಮ, ತಗೋತಾರೆ. ಮಧ್ಯಾಹ್ನದ ಮೇಲೆ ಊಟವಿಲ್ಲ, ಹಾಡಿಲ್ಲ, ಟಿವಿ ಇಲ್ಲ. ಮರುದಿನ ಮತ್ತೆ ಮಾಮೂಲು ಕೆಲಸ.

ನಮ್ಮೂರ ಕಡೆ, ಕಲಬುರಗಿಯಲ್ಲಿ, ನಮ್ಮಂಥ ಮನೆಗಳ ಗೋಡೆ ಮೇಲೆ ಬುದ್ಧರ ಫೋಟೊ, ಬಾಬಾಸಾಹೇಬರ ಫೋಟೊ ಅಕ್ಕಪಕ್ಕ. 1956ರಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮ ಸೇರಿ ಬಾಬಾಸಾಹೇಬ ಅಂಬೇಡ್ಕರರು ತೋರಿದ ದಾರಿ ಅದು. ಮದುವೆ ಇರಲಿ, ತೊಟ್ಟಿಲು ಇರಲಿ, ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನೋ ತ್ರಿಸರಣ, ಐದು ನಿಯಮಗಳ ಪಂಚಶೀಲ ಹೇಳದೆ ಕಾರ್ಯ ಶುರುವಾಗಲ್ಲ. ಅದೇ ಪಾಳಿ ಭಾಷೆಯ ಸಾಲು ಕೆಲನಿಯದಲ್ಲಿ ಕಿವಿಗೆ ಬಿದ್ದಾಗ ಮೈ ಜುಮ್ಮೆಂದಿತು. ಕಾರ್ಯದ ದಿನ ಹೇಳಿದ ಶೀಲ ಕೆಲಸದ ದಿನಕ್ಕೂ ಇಳಿಯಬೇಕು ಅನ್ನೋದು ಮನಸ್ಸಿಗೆ ನಾಟಿದ್ದು ಇಲ್ಲೇ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಪಂಚಶೀಲದ ನಾಲ್ಕನೆಯದು, ಮಾತಿನ ಶೀಲ. ಸುಳ್ಳು ಹೇಳದಿದ್ದರೆ ಸಾಕು ಅಂತ ಬುದ್ಧರು ಬಿಟ್ಟಿಲ್ಲ. ಒಳ್ಳೆ ಮಾತಿಗೆ ಐದು ಲಕ್ಷಣ ಬುದ್ಧರ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿವೆ. ಹೊತ್ತು ನೋಡಿ ಆಡಿರಬೇಕು, ನಿಜ ಇರಬೇಕು, ಮೆತ್ತಗಿರಬೇಕು, ಕೇಳುವವರಿಗೆ ಒಳ್ಳೆಯದಾಗಬೇಕು, ಪ್ರೀತಿಯಿಂದ ಬಂದಿರಬೇಕು.

ತೊಗರಿಗೆ ನೆಟೆ ರೋಗ ಬಿದ್ದು ಗಿಡ ನಿಂತಲ್ಲೇ ಒಣಗಿದಾಗ ಊರಿಂದ ತಮ್ಮ ಫೋನ್ ಮಾಡಿದ. "ಅಣ್ಣಾ, ನೀ ಅಲ್ಲಿ ಕುಂತು ಏನರ ಹೇಳ್ತಿ. ಇಲ್ಲಿ ಹೊಲದಾಗ ನಿಂತು ನೋಡು" ಅಂದ. ವರ್ಷಾ ವರ್ಷಾ ಒಂದೇ ಹೊಲಕ್ಕೆ ತೊಗರಿ ಹಾಕಬೇಡ ಅಂದಿದ್ದೆ ಅಲ್ವಾ ಅನ್ನೋ ಮಾತು ನಾಲಿಗೆ ತುದಿಯಲ್ಲಿತ್ತು. ಮಾತು ನಿಜ, ಅವನ ಒಳ್ಳೆಯದಕ್ಕೇ. ಆದರೆ ಅದಕ್ಕೆ ಅದು ಹೊತ್ತಲ್ಲ. ಕಿವಿ ಬಿಸಿಯಾದದ್ದು, ಎದೆ ಬಿಗಿದದ್ದು ಗೊತ್ತಾಗುತ್ತಿತ್ತು. ಉಸಿರು ಗಮನಿಸುತ್ತಾ ಸುಮ್ನಿದ್ದೆ. ಹಿತವೋ ಅಹಿತವೋ, ಮೈಮನಸ್ಸಿಗೆ ತಟ್ಟಿದ್ದನ್ನು ಅಲ್ಲೇ ಗುರುತು ಹಿಡಿಯಿರಿ ಅನ್ನೋದು ಬುದ್ಧರ ಪಾಠ. ಗುರುತು ಸಿಕ್ಕರೆ ಸಿಟ್ಟಿಗೆ ಮುಂದೆ ಹೋಗೋ ದಾರಿ ಇರಲ್ಲ. "ಅವ್ವ ಊಟ ಮಾಡ್ಯಾಳೇನೋ?" ಅಂತ ಕೇಳಿದೆ. ಅವನ ದನಿ ಇಳಿಯಿತು. ಬೆಳೆ ಬದಲಿಸೋ ಮಾತನ್ನು ಮುಂದಿನ ಬಿತ್ತನೆಗೆ ಮುಂಚೆ ಆಡಿದೆ. ಆಗ ಕೇಳಿದ. ಆ ಹೊಲಕ್ಕೆ ಜೋಳ ಬಿತ್ತಿದ.

ನಾನು ಕೆಲಸ ಮಾಡೋ ಗಾರ್ಮೆಂಟ್ಸ್‌ನಲ್ಲೂ ಇದೇ ಲೆಕ್ಕ. ಕಾಲರ್ ತಪ್ಪಾಗಿ ಹೊಲಿದವರಿಗೆ ಎಲ್ಲರೆದುರು ಹೇಳೋದು ಬೇರೆ, ಟೀ ಹೊತ್ತಿಗೆ ಪಕ್ಕಕ್ಕೆ ಕರೆದು ತೋರಿಸೋದು ಬೇರೆ.

ಜೂನ್‌ನಲ್ಲಿ ಬರೋ ಪೊಸೊನ್ ಹುಣ್ಣಿಮೆ ಇಲ್ಲಿ ಬಹಳ ದೊಡ್ಡದು. ಅಶೋಕನ ಮಗ ಮಹಿಂದ ಮಿಹಿಂತಲೆಯಲ್ಲಿ ಧಮ್ಮ ತಿಳಿಸಿದ ದಿನ ಅಂತ ಇಲ್ಲಿಯವರ ನಂಬಿಕೆ. ಆಂಟಿಗೆ ನಾನು ನಮ್ಮ ಸನ್ನತಿಯ ಕಥೆ ಹೇಳಿದೆ. ಭೀಮಾ ದಂಡೆಯ ಆ ಊರಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಅವನ 12ನೇ ಶಿಲಾಶಾಸನವೂ ಇದೆ. ಆ ಶಾಸನ ಕೇಳೋದು ಮಾತಿನ ಹಿಡಿತವನ್ನೇ: ಹೊತ್ತುಗೊತ್ತಿಲ್ಲದೆ ನಮ್ಮ ಪಂಥ ಹೊಗಳಬಾರದು, ಇನ್ನೊಬ್ಬರದನ್ನು ತೆಗಳಬಾರದು. ಪಕ್ಕದ ಕನಗನಹಳ್ಳಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿದೆ.

ಊರಲ್ಲಿರೋ ನೀವು ರಜೆ ಸಿಕ್ಕಾಗ ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರಕ್ಕೆ ಹೋಗೇ ಹೋಗ್ತೀರಿ. ಒಮ್ಮೆ ಸನ್ನತಿಗೂ ಮಕ್ಕಳನ್ನು ಕರ್ಕೊಂಡು ಹೋಗಿ. ಆ ಕಲ್ಲಿನಲ್ಲಿ ಏನು ಬರೆದಿದೆ ಅಂತ ಅಲ್ಲೇ ನಿಂತು ಹೇಳಿ.