ತಾಂಡಾದ ಜನ ಎಷ್ಟು, ಬಸ್ಸು ಎಷ್ಟು ದೂರ: ಲೆಕ್ಕ ಎಲ್ಲಿಗೆ ಬಂತು

ತಾಂಡಾದ ಜನಸಂಖ್ಯೆ, ಅಲ್ಲಿಂದ ಬಸ್ಸಿನ ದೂರ ಎರಡನ್ನೂ ಕಂಪ್ಯೂಟರ್ ನಕ್ಷೆಯಲ್ಲಿ ಅಳೆಯುವ ಕೆಲಸ ಹಿಡಿದಿದ್ದೆ, ಕೊನೆಗೂ ಮೂಲ ಊರು ಬೇರೆ, ತಾಂಡಾ ಬೇರೆ ಆಗಿ ಲೆಕ್ಕ ಕೂತಿದೆ. ಯಾದಗಿರಿ ಕಡೆಯ ಕಂದಾಯ ಗ್ರಾಮ, ಅದರ ಎಲ್ಲೆಯೊಳಗೇ ಒಂದು ಲಂಬಾಣಿ ತಾಂಡಾ. 2011ರ ಜನಗಣತಿ ಕೈಪಿಡಿಯಲ್ಲಿ ಎರಡಕ್ಕೂ ಸೇರಿ ಒಂದೇ ಸಾಲು, ಬಸ್ಸಿನ ಕಾಲಮ್ಮಿನಲ್ಲಿ ‘ಇದೆ’. ಬಸ್ಸು ನಿಲ್ಲುವುದು ಊರ ಅಗಸಿ ಮುಂದೆ. ತಾಂಡಾದವರು ಅಲ್ಲಿಗೆ ಬರಬೇಕೆಂದರೆ ಎರೆಹೊಲದ ಬಂಡಿದಾರಿ, ನಡುವೆ ಹಳ್ಳ.

ಜನಗಣತಿಯ ಸಾಲನ್ನು ಗ್ರಾಮ ಸಂಕೇತ ಹಿಡಿದು ನಕ್ಷೆಗೆ ಜೋಡಿಸುವುದು, ನಕ್ಷೆಯನ್ನು ಮೀಟರಿನಲ್ಲಿ ಅಳೆಯಲು ಬರುವ ಇಪಿಎಸ್‌ಜಿ 32643 ಎಂಬ ನಿರ್ದೇಶಾಂಕ ಪದ್ಧತಿಗೆ ಬದಲಿಸುವುದು, ಇವು ಮೊದಲ ಹೆಜ್ಜೆಗಳು. ಯಾವ ನಿರ್ದೇಶಾಂಕ ಪದ್ಧತಿ ಎಂದು ಹೇಳುವ ಪಿಆರ್‌ಜೆ ಫೈಲೇ ಇಲ್ಲದ ಶೇಪ್‌ಫೈಲನ್ನು (ನಕ್ಷೆಯ ಫೈಲು) ದುಡ್ಡಿಗೆ ಮಾರುವವರಿದ್ದಾರೆ, ಕೇಳಿಯೇ ಕೊಳ್ಳಿ.

ತಲೆ ತಿಂದದ್ದು ಆ ಒಂದೇ ಸಾಲಿನ ಜನಸಂಖ್ಯೆಯನ್ನು ಊರಿಗೂ ತಾಂಡಾಕ್ಕೂ ಹಂಚುವ ಕೆಲಸ. ಉಪಗ್ರಹ ಚಿತ್ರದಿಂದ ತೆಗೆದ ಕಟ್ಟಡಗಳ ಪದರದಲ್ಲಿ ಚಾವಣಿ ಎಣಿಸಿದರೆ ತಾಂಡಾ ಉಬ್ಬುತ್ತದೆ. ಊರೊಳಗಿನ ಮಾಳಿಗೆ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಇಡೀ ಓಣಿ ಒಂದೇ ಪಾಲಿಗನ್ (ನಕ್ಷೆಯ ಒಂದು ಮುಚ್ಚಿದ ಆಕೃತಿ). ತಾಂಡಾದಲ್ಲಿ ಮನೆಗಳು ಬಿಡಿಬಿಡಿ. ಅಲ್ಲಿ ಬಣವೆಗೂ ಒಂದು ಪಾಲಿಗನ್, ಅಂದಮೇಲೆ ಬಣವೆಗೂ ಐದು ಜನರ ಸಂಸಾರ! ಎಣಿಕೆ ಬಿಟ್ಟು ವಿಸ್ತೀರ್ಣ ಹಿಡಿದರೆ ತಾಂಡಾ ಕುಗ್ಗುತ್ತದೆ, ಚಿಕ್ಕ ಮನೆಗಳಲ್ಲಿ ಜನ ಜಾಸ್ತಿ.

ದಾರಿ ಸಿಕ್ಕಿದ್ದು ಮತದಾರರ ಪಟ್ಟಿಯಲ್ಲಿ. ಪಟ್ಟಿಯ ಪ್ರತಿ ಭಾಗದೊಳಗೆ (ಒಂದು ಮತಗಟ್ಟೆಗೆ ಒಂದು ಭಾಗ) ಓಣಿ, ತಾಂಡಾಗಳ ಹೆಸರಲ್ಲಿ ವಿಭಾಗಗಳಿರುತ್ತವೆ. ವಿಭಾಗವಾರು ಎಣಿಕೆ ಮಾತ್ರ ತೆಗೆದುಕೊಳ್ಳಿ, ಜನರ ಹೆಸರು ಇಳಿಸಿಕೊಳ್ಳಬೇಡಿ. ತಿಳಿಯಲು ಒಂದು ಮಾದರಿ ಲೆಕ್ಕ: ಒಟ್ಟು ಜನ 1,400, ಮತದಾರರು ಊರಲ್ಲಿ 540, ತಾಂಡಾದಲ್ಲಿ 360. ತಾಂಡಾದ ಪಾಲು ಶೇ 40, ಅಂದರೆ 560 ಜನ. ವಿಸ್ತೀರ್ಣದ ಲೆಕ್ಕ ಶೇ 30 ಎಂದಿದ್ದರೆ 420 ಆಗುತ್ತಿತ್ತು. ಈ ಅಂತರ ಸಣ್ಣದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ 4ನೇ ಹಂತ ಬಯಲುಸೀಮೆಯಲ್ಲಿ ನೋಡುವುದು 2011ರ ಜನಗಣತಿಯಂತೆ 500 ದಾಟಿದ, ರಸ್ತೆಯಿಲ್ಲದ ಜನವಸತಿಗಳನ್ನು. ಯಾದಗಿರಿಯಂಥ ಮಹತ್ವಾಕಾಂಕ್ಷಿ ಜಿಲ್ಲೆಗಳಿಗೆ ಮಿತಿ 250; ಉಳಿದ ಬಯಲು ಜಿಲ್ಲೆಗಳಲ್ಲಿ ಲೆಕ್ಕದ ವಿಧಾನ ತಪ್ಪಿದರೆ ಇಂಥ ತಾಂಡಾಕ್ಕೆ ರಸ್ತೆಯೇ ತಪ್ಪೀತು.

ಜನಗಣತಿಯ ಅಂಕಿಯನ್ನೂ ಹಾಗೇ ನಂಬುವಂತಿಲ್ಲ. 2011ರಲ್ಲಿ ಮನೆಮನೆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಕಬ್ಬು ಕಡಿಯುವ ಹಂಗಾಮಿನಲ್ಲಿ. ಅಷ್ಟೂ ದಿನ ಊರು ಬಿಟ್ಟವರನ್ನು ಎಣಿಸುವುದು ಅವರು ಸಿಕ್ಕ ಜಾಗದಲ್ಲಿ. ಗುಳೆ ಹೋದ ತಾಂಡಾದವರು ತಮ್ಮ ಊರಿನ ಸಾಲಿನಿಂದ ಬಿಟ್ಟುಹೋಗಿರುತ್ತಾರೆ. ಮತದಾರರ ಪಟ್ಟಿ ಹಂಗಾಮು ನೋಡುವುದಿಲ್ಲ, ಆದರೆ ಅದರಲ್ಲಿ ಮಕ್ಕಳಿಲ್ಲ, ಮಕ್ಕಳು ಜಾಸ್ತಿ ಇರುವ ಕಡೆಯ ಪಾಲು ಕಡಿಮೆ ಕಾಣುತ್ತದೆ. ಆದ್ದರಿಂದ ಮೇಲಿನ 560 ಕನಿಷ್ಠದ ಅಂದಾಜು ಎಂದೇ ಹಿಡಿಯಬೇಕು.

ಬಸ್ಸಿನ ದೂರಕ್ಕೆ ಬಫರ್ ವೃತ್ತ (ನಿಲ್ದಾಣದ ಸುತ್ತ ನೇರ ದೂರದ ವೃತ್ತ) ಎಳೆಯಬೇಡಿ, ಹಳ್ಳ ಇದೆಯೆಂದು ವೃತ್ತಕ್ಕೆ ಗೊತ್ತಿಲ್ಲ. ಗ್ರಾಮದ ಗಡಿಯ ಸೆಂಟ್ರಾಯ್ಡ್ (ಆಕೃತಿಯ ಮಧ್ಯಬಿಂದು) ಹೊಲದಲ್ಲಿ ಬೀಳುತ್ತದೆ, ಅದನ್ನು ಬಿಟ್ಟು ತಾಂಡಾದ ನಡುವಿನಿಂದ ಅಳೆಯಿರಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ, ಬಂಡಿದಾರಿಯ ತುದಿ ರಸ್ತೆಗೆ ಅರ್ಧ ಮೀಟರ್ ಮುಟ್ಟದಿದ್ದರೂ ದಾರಿಯೇ ಇಲ್ಲವೆನ್ನುತ್ತದೆ. ಟಾಪಾಲಜಿ ಟಾಲರೆನ್ಸ್ (ಎಷ್ಟು ಅಂತರದವರೆಗೆ ತುದಿಗಳು ಕೂಡಿವೆ ಎಂದು ಹಿಡಿಯಬೇಕೆಂಬ ಮಿತಿ) 1 ಮೀಟರ್ ಇಡಿ, ಜತೆಗೆ ಕೂಡುವ ಜಾಗಗಳನ್ನು ಕಣ್ಣಾರೆ ನೋಡಿ. ರಸ್ತೆಜಾಲದ ಎರಡು ಪ್ರತಿ ಬೇಕು, ಬೇಸಿಗೆಗೊಂದು, ಮಳೆಗಾಲಕ್ಕೊಂದು. ಮಳೆಗಾಲದ್ದರಲ್ಲಿ ಹಳ್ಳ ದಾಟುವ ತುಣುಕನ್ನು ಅಳಿಸಿ ದೂರದ ಲೆಕ್ಕವನ್ನು ಮತ್ತೆ ಓಡಿಸಿ. ಒಂದೇ ತಾಂಡಾಕ್ಕೆ ಎರಡು ದೂರ ಬರುತ್ತವೆ. ಶಾಲೆಗೆ, ಹೆರಿಗೆಗೆ, ಸಂತೆಗೆ ಲೆಕ್ಕಕ್ಕೆ ಬರುವುದು ಉದ್ದದ್ದೇ.

ಇದರ ನಡುವೆಯೇ ಮುಂದಿನ ಕೆಲಸ ತಲೆಯಲ್ಲಿ ಕೂತಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ, ಹೊಸದಾಗಿ ಕಂದಾಯ ಗ್ರಾಮಗಳಾದ ತಾಂಡಾಗಳ ಹೆಸರು ನಕ್ಷೆಯ ಹಳೆಯ ಪದರಗಳಲ್ಲಿಲ್ಲ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1, ಎಣಿಕೆ ಮತ್ತೆ ಫೆಬ್ರವರಿಯಲ್ಲೇ. ಅಷ್ಟರೊಳಗೆ ಈ ತಾಂಡಾಗಳ ಬಿಂದುಗಳನ್ನೆಲ್ಲ ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಏರಿಸಬೇಕು, ಪ್ರತಿ ಬಿಂದುವಿಗೂ ಹತ್ತಿರದ ಬಸ್ ನಿಲ್ದಾಣ, ನಡುವಿನ ಹಳ್ಳ, ಅದಕ್ಕೆ ಸೇತುವೆ ಇದೆಯೋ ಇಲ್ಲವೋ ಎಂಬ ಮೂರು ಕಾಲಮ್ಮುಗಳೊಂದಿಗೆ.