ಕರೆದವರು ವಾಯಿದೆಗೆ ಬರುವುದಿಲ್ಲ

ಡಿಸೆಂಬರ್ 10 ಹತ್ತಿರ ಬಂದರೆ ಉಡುಪಿ ಸುತ್ತಮುತ್ತಲಿನ ಕಾಲೇಜುಗಳಿಂದ ನನಗೆ ಫೋನು ಶುರು. "ಮೇಡಂ, ಮಾನವ ಹಕ್ಕುಗಳ ದಿನಾಚರಣೆಗೆ ಒಂದು ಗಂಟೆ ಮಾತಾಡಬೇಕು." ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹೂಗುಚ್ಛ ಎಲ್ಲ ಮುಗಿದು ಆ ಒಂದು ಗಂಟೆಯಲ್ಲಿ ನನಗೆ ಉಳಿಯುವುದು ಇಪ್ಪತ್ತು ನಿಮಿಷ. ಆಮೇಲೆ ಅಧ್ಯಕ್ಷರ ಭಾಷಣ. ಯುವಕರು ಶಾಂತಿ ಕಾಪಾಡಬೇಕು ಅನ್ನುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿ ಬಸ್ಸಿಗೆ ಓಡುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಶಾಂತಿ ಬೇಡ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಅಂಥ ಮಾತಿಗೆ ಕೂತು ಕೇಳುವುದಾದರೂ ಏನಿದೆ?

ಹಾಗಾಗಿ ನಾನೀಗ ಶಾಂತಿಯ ಹೆಸರನ್ನೇ ಎತ್ತುವುದಿಲ್ಲ. ಐದು ಜನರ ಲೆಕ್ಕದಿಂದ ಶುರು ಮಾಡುತ್ತೇನೆ.

ಹಳೇ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 189ನೇ ಸೆಕ್ಷನ್ ಪ್ರಕಾರ, ಅಲ್ಲಿ ಹೇಳಿದ ಯಾವುದಾದರೂ ಕೆಟ್ಟ ಉದ್ದೇಶಕ್ಕೆ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿದರೆ ಅದು ಅಕ್ರಮ ಕೂಟ. 190ನೇ ಸೆಕ್ಷನ್ ಇನ್ನೂ ಬಿಗಿ. ಆ ಉದ್ದೇಶಕ್ಕಾಗಿ ಒಬ್ಬ ಕಲ್ಲು ಹೊಡೆದರೂ ಕೂಟದಲ್ಲಿದ್ದ ಎಲ್ಲರ ತಲೆಗೂ ಅದೇ ಅಪರಾಧ ಬರುತ್ತದೆ. "ಮೇಡಂ, ಸುಮ್ನೆ ನೋಡ್ತಾ ನಿಂತಿದ್ರೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಮ್ನೆ ನಿಂತವನು ಕೂಟದವನಲ್ಲ, ನಿಜ. ಆದರೆ ಸುಮ್ನೆ ನಿಂತಿದ್ದನೋ ಇಲ್ಲವೋ ಅಂತ ತೀರ್ಮಾನ ಆಗುವುದು ವಿಚಾರಣೆಯ ಕೊನೆಗೆ. ಆ ಕೊನೆ ಬರುವಷ್ಟರಲ್ಲಿ ಹುಡುಗನ ಮೀಸೆ ದಪ್ಪ ಆಗಿರುತ್ತದೆ.

ನಮ್ಮ ಕರಾವಳಿಯ ಅರ್ಧ ಕನಸು ದುಬೈ, ಮಸ್ಕತ್, ದೋಹಾದಲ್ಲಿದೆ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಬಹುದು. ಬೇಕೆಂದರೆ ಅದೇ ಕೋರ್ಟಿನಿಂದ ಅನುಮತಿ ತರಬೇಕು. ಅನುಮತಿಯಲ್ಲಿ ಅವಧಿ ಬರೆದಿಲ್ಲ ಅಂದರೆ ಸಿಗುವುದು ಒಂದು ವರ್ಷದ ಪಾಸ್‌ಪೋರ್ಟು. ಇದನ್ನು ಹೇಳುವಾಗ ಹಿಂದಿನ ಬೆಂಚಿನವರ ಮೊಬೈಲು ಜೇಬಿಗೆ ಹೋಗುತ್ತದೆ. ಮನೆಯಲ್ಲಿ ಅಣ್ಣನಿಗೋ ಪಕ್ಕದ ಮನೆಯವನಿಗೋ ಇದು ಆಗಿರುತ್ತದೆ.

ಕೋರ್ಟಿನ ಜಗಲಿಯಲ್ಲಿ ನಾನು ದಿನಾ ನೋಡುವುದು ಇಂಥ ಹುಡುಗರ ತಾಯಂದಿರನ್ನು. ಬೀಡಿ ಕಟ್ಟುವುದನ್ನೋ ಮೀನು ಮಾರುವುದನ್ನೋ ಒಂದು ದಿನದ ಮಟ್ಟಿಗೆ ಬಿಟ್ಟು ಬಂದಿರುತ್ತಾರೆ. "ಲಾಯರಮ್ಮಾ, ನನ್ನ ಮಗನನ್ನು ಕರ್ಕೊಂಡು ಹೋದವರು ಇವತ್ತು ಎಲ್ಲಿ?" ಅಂತ ಒಬ್ಬರು ತುಳುವಿನಲ್ಲಿ ಕೇಳಿದ್ದರು. ಜಾಮೀನು ಸಿಕ್ಕಿದ ದಿನ ಹೂಮಾಲೆ ಇರುತ್ತದೆ, ಫೋಟೋ ಇರುತ್ತದೆ. ವಾಯಿದೆ ಮುಂದಕ್ಕೆ ಹೋಗುತ್ತಾ ಹೋದ ಹಾಗೆ ಉಳಿಯುವುದು ತಾಯಿ, ಮಗ ಮತ್ತು ನಾನು. ಯಾವ ಬಣ್ಣದ ಶಾಲಿನವರಿಗೂ ಇದರಲ್ಲಿ ರಿಯಾಯಿತಿ ಇಲ್ಲ, ಎಲ್ಲರದ್ದೂ ಒಂದೇ ಕಥೆ.

ಹೆದರಿಸಿ ಸುಮ್ಮನಾಗಿಸುವುದೇ ಶಾಂತಿಯಾ ಅಂತ ನೀವು ಕೇಳಬಹುದು. ಅಲ್ಲ. ಹೆದರಿಕೆಯಿಂದ ಅವರ ಕಿವಿ ನನ್ನ ಕಡೆ ತಿರುಗುತ್ತದೆ, ಅಷ್ಟೆ. ಆಮೇಲೆ ಹಕ್ಕಿನ ಮಾತು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ದಾರಿಯ ಹೊತ್ತು ಬಿಟ್ಟು. ಕಾರಣ ಹೇಳಬೇಕು. ವಕೀಲರನ್ನು ಕಾಣಲು ಬಿಡಬೇಕು. ಸಂವಿಧಾನದ 22ನೇ ವಿಧಿ ಇದು. ಆಗ ಒಂದು ಪ್ರಶ್ನೆ ಬರುತ್ತದೆ, ನನಗೆ ಬಹಳ ಇಷ್ಟದ್ದು: "ತಪ್ಪು ಮಾಡಿದವನಿಗೆ ಯಾಕೆ ಮೇಡಂ ಹಕ್ಕು?"

ಉತ್ತರ ಹೇಳುವ ಬದಲು ಚೀಟಿ ಆಟ ಆಡಿಸುತ್ತೇನೆ. ಠಾಣೆಯಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಅಂತ ನಿಯಮ ಮೊದಲು ಅವರೇ ಬರೆಯಬೇಕು. ಆಮೇಲೆ ಚೀಟಿ ಎತ್ತುವುದು, ಯಾರಿಗೆ ಯಾವ ಪಾತ್ರ ಅಂತ. ಒಬ್ಬ ಗಾಜು ಒಡೆಸಿಕೊಂಡ ಅಂಗಡಿಯವನು. ಒಬ್ಬ ಹೆಸರು ನೋಡಿಯೇ ಎಳೆದು ತಂದ ಹುಡುಗ. ಒಬ್ಬಳು ಬೇರೆ ಧರ್ಮದ ಸಹಪಾಠಿಯ ಜೊತೆ ಐಸ್‌ಕ್ರೀಮ್ ತಿನ್ನಲು ಹೋಗಿ ಗುಂಪಿಗೆ ಸಿಕ್ಕಿಬಿದ್ದವಳು. ಒಬ್ಬ ರಾತ್ರಿಯಿಡೀ ನಿದ್ದೆ ಇಲ್ಲದೆ ಬಂದೋಬಸ್ತ್ ಮಾಡಿದ ಇಪ್ಪತ್ನಾಲ್ಕರ ಕಾನ್‌ಸ್ಟೇಬಲ್. "ನಾಲ್ಕು ಬಾರಿಸಿ ಕಳಿಸಬೇಕು" ಅಂತ ಬರೆದ ಹುಡುಗನಿಗೆ ಎಳೆದು ತಂದವನ ಚೀಟಿ ಬಂದರೆ, ಅವನೇ ಪೆನ್ನು ಕೇಳುತ್ತಾನೆ, ತಿದ್ದಲು.

ನನ್ನ ನಿಜವಾದ ತಕರಾರು ಇರುವುದು ನಮ್ಮ ಶಾಂತಿ ಸಭೆಗಳ ಬಗ್ಗೆ. ಹಬ್ಬದ ಮುಂಚೆ ಠಾಣೆಗಳಲ್ಲಿ ಕರೆಯುತ್ತಾರಲ್ಲ, ಅವು. ಮುಂದಿನ ಸಾಲಿನಲ್ಲಿ ಮುಖಂಡರು, ಎರಡನೇ ಸಾಲಿನಲ್ಲಿ ಮಾಜಿ ಮುಖಂಡರು. ಚಹಾ, ಬಿಸ್ಕತ್ತು, "ನಮ್ಮೂರು ಸೌಹಾರ್ದಕ್ಕೆ ಹೆಸರಾದದ್ದು". ಹುಲಿವೇಷದ ತಂಡ ನಡೆಸುವವರು, ಮೊಸರು ಕುಡಿಕೆ ಕಟ್ಟುವವರು, ಈದ್ ಮಿಲಾದ್ ಮೆರವಣಿಗೆಗೆ ಬಂಟಿಂಗ್ಸ್ ಕಟ್ಟುವವರು ಎಲ್ಲ ಇಪ್ಪತ್ತರ ಆಸುಪಾಸಿನವರು. ಬ್ಯಾನರ್ ಹರಿದರೆ ಮೊದಲು ಗೊತ್ತಾಗುವುದು ಅವರಿಗೆ. ಅವರನ್ನು ಮಾತ್ರ ಸಭೆಗೆ ಕರೆಯುವುದು ಕಡಿಮೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು 2250ನೇ ನಿರ್ಣಯ ಮಾಡಿ, 18ರಿಂದ 29ರ ವಯಸ್ಸಿನವರಿಗೆ ಶಾಂತಿಯ ಮಾತುಕತೆ ಮತ್ತು ತೀರ್ಮಾನಗಳಲ್ಲಿ ಜಾಗ ಕೊಡಬೇಕು ಅಂದಿತು. ನ್ಯೂಯಾರ್ಕಿನ ಮಾತು ನಮ್ಮ ಠಾಣೆಯ ಕುರ್ಚಿಯ ತನಕ ಬಂದಿಲ್ಲ.

ತೀರ್ಮಾನ ಅವರ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ನಾನೊಂದು ಯುವಕ ಮಂಡಲದಲ್ಲಿ ನೋಡಿದ್ದೇನೆ. ಅಷ್ಟಮಿಯ ವೇಷ ಸ್ಪರ್ಧೆಯ ಪಟ್ಟಿ ಮಾಡುತ್ತಿದ್ದರು. ಕೊರಗ ವೇಷ ಇರಬೇಕಾ ಬೇಡವಾ ಅಂತ ಗಲಾಟೆ. ಮೈಗೆ ಮಸಿ ಬಳಿದು ಒಂದು ಸಮುದಾಯವನ್ನೇ ಅಣಕಿಸುವ ಆ ವೇಷವನ್ನು ಕೊರಗರು ವಿರೋಧಿಸುತ್ತಲೇ ಬಂದಿದ್ದಾರೆ. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಲ್ಲಿ ನಿಷೇಧಿಸಿದೆ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು ಅಂದಾಗ ಹಲವರು ನಂಬಲಿಲ್ಲ. ಇಬ್ಬರು ಹುಡುಗರು ಊರಿನ ಕೊರಗ ಕಾಲೊನಿಗೆ ಹೋಗಿ ಕೇಳಿಕೊಂಡು ಬಂದರು. ಅಲ್ಲಿನ ಅಜ್ಜ ಹೇಳಿದ್ದು ಇಷ್ಟು: "ನಮ್ಮನ್ನು ನೋಡಿ ನಗುವುದಕ್ಕೆ ನೀವು ಬಹುಮಾನ ಬೇರೆ ಕೊಡುತ್ತೀರಾ ಮಗ?" ವೇಷ ಪಟ್ಟಿಯಿಂದ ಹೋಯಿತು. ಹಿರಿಯರಲ್ಲಿ ಕೆಲವರು ಇನ್ನೂ ಗೊಣಗುತ್ತಾರೆ. ಹುಡುಗರು ಜಗ್ಗಿಲ್ಲ.

ಅದರಲ್ಲೊಬ್ಬ ಈಗ ಪ್ಯಾರಾ ಲೀಗಲ್ ವಾಲಂಟಿಯರ್. ಕಾನೂನು ಸೇವಾ ಪ್ರಾಧಿಕಾರ ತರಬೇತಿ ಕೊಡುತ್ತದೆ. ದುಡ್ಡಿಗಾಗಿ ಮಾಡುವ ಕೆಲಸ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ ಅಂತ ಮನೆ ಮನೆಗೆ ತಿಳಿಸುವುದು, ಅರ್ಜಿ ಬರೆದುಕೊಡುವುದು, ಜೊತೆಗೆ ಕಚೇರಿಗೆ ಹೋಗುವುದು. ಆಸಕ್ತಿ ಇದ್ದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನು ಮಾಡಿ ಕೇಳಿ. ಇಲ್ಲ ಅಂದರೆ ನೇರವಾಗಿ ಬನ್ನಿ, ಪ್ರಾಧಿಕಾರದ ಕಚೇರಿ ಕೋರ್ಟಿನ ಆವರಣದಲ್ಲೇ ಇದೆ.